ಹುಳುಕಡ್ಡಿಗೆ ಕಡಿಮೆ ರೇಟಿನ ಔಷಧಿ ಕೊಟ್ಟರೆ ಮೊದಲು ಟ್ಯೂಬ್ ತಿರುಗಿಸಿ ಓದಿ

ಹುಳುಕಡ್ಡಿಗೆ ಡಾಕ್ಟರು ಬರೆದುಕೊಟ್ಟ ಔಷಧಿ ದುಬಾರಿ ಅನ್ನಿಸಿ, ಬೇರೆ ಅಂಗಡಿಯಲ್ಲಿ ಕಡಿಮೆಗೆ ಸಿಗುತ್ತಾ ಅಂತ ನೋಡುತ್ತಿದ್ದೀರಾ? ಹೋಗುವ ಮುಂಚೆ ಇದನ್ನು ಓದಿ. ನನ್ನ ತಮ್ಮ ಅನುಭವಿಸಿದ್ದು ಇನ್ನೊಬ್ಬರಿಗೆ ಬೇಡ.

ಅವನು ಹೋಟೆಲ್ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾನೆ. ಇಡೀ ದಿನ ಒಲೆ ಮುಂದೆ, ಬೆವರಿಗೆ ಒದ್ದೆಯಾದ ಬಟ್ಟೆಯಲ್ಲೇ. ತೊಡೆಸಂದಿನಲ್ಲಿ ಶುರುವಾಯಿತು. ಚರ್ಮದ ಡಾಕ್ಟರು ಚೆನ್ನಾಗಿಯೇ ನೋಡಿದರು. ಇಟ್ರಾಕೊನಜೋಲ್ ಕ್ಯಾಪ್ಸೂಲು, ಲುಲಿಕೊನಜೋಲ್ ಕ್ರೀಮು, ಎರಡೂ ಫಂಗಸ್ಸಿನ ಔಷಧಿ, ವಾರಗಟ್ಟಲೆ ಬಿಡದೆ ತಗೋಬೇಕು ಅಂದರು. ಆದರೆ ಚೀಟಿಯಲ್ಲಿ ಇದ್ದದ್ದು ಬರೀ ಕಂಪನಿ ಇಟ್ಟ ಹೆಸರು. ಆ ಹೆಸರಿನ ಮಾಲು ಕ್ಲಿನಿಕ್ಕಿನ ಪಕ್ಕದ ಅಂಗಡಿ ಬಿಟ್ಟರೆ ನಾವು ವಿಚಾರಿಸಿದ ಕಡೆ ಎಲ್ಲೂ ಇರಲಿಲ್ಲ. ಪೂರ್ತಿ ಕೋರ್ಸಿಗೆ ಅಂಗಡಿಯವರು ಹೇಳಿದ ಮೊತ್ತ ಅವನ ರೂಮ್ ಬಾಡಿಗೆಗಿಂತ ಜಾಸ್ತಿ.

ಅವನ ರೂಮಿನ ಹತ್ತಿರ ಇನ್ನೊಂದು ಮೆಡಿಕಲ್ ಶಾಪ್ ಇದೆ. ಅಲ್ಲಿ ಚೀಟಿ ತೋರಿಸಿ, ಇದೇ ಔಷಧಿ ಬೇರೆ ಕಂಪನಿಯದು ಇದೆಯಾ ಅಂತ ಕೇಳಿದ. 'ಅದೇ ಔಷಧಿ ಅಣ್ಣ, ಇದು ಇನ್ನೂ ಸ್ಟ್ರಾಂಗು, ಎರಡೇ ದಿನಕ್ಕೆ ಕಡಿಮೆ ಆಗುತ್ತೆ' ಅಂತ ಹೇಳಿ ಒಂದು ಟ್ಯೂಬ್ ಕೊಟ್ಟರು, ಶೀಟಿನಿಂದ ಕತ್ತರಿಸಿದ ಒಂದಷ್ಟು ಮಾತ್ರೆ ಕೊಟ್ಟರು. ಬಿಲ್ ಕೊಡಲಿಲ್ಲ.

ಹೇಳಿದ ಹಾಗೆಯೇ ತುರಿಕೆ ನಿಂತಿತು. ಮೋಸ ಇರೋದೇ ಇಲ್ಲಿ. ಟ್ಯೂಬ್ ಮುಗಿದ ಮೇಲೆ ಮತ್ತೆ ಬಂತು, ಮತ್ತೆ ಅದನ್ನೇ ಕೊಟ್ಟರು. ಸೊಂಟಕ್ಕೆ ಹರಡಿತು, ಹಿಂಭಾಗಕ್ಕೆ ಹರಡಿತು, ಊರಿಗೆ ಬಂದಾಗ ನೋಡಿದರೆ ಕೆನ್ನೆ ಮೇಲೂ ಇತ್ತು. ಟ್ಯೂಬ್ ಇಸಕೊಂಡು ಹಿಂದೆ ತಿರುಗಿಸಿದೆ. ಮಡಚಿ ಮಡಚಿ ಅರ್ಧ ಅಕ್ಷರ ಅಳಿಸಿಹೋಗಿತ್ತು. ಬೆಳಕಿಗೆ ಹಿಡಿದು ಓದಿದರೆ ಮೊದಲನೇ ಹೆಸರೇ ಕ್ಲೋಬೆಟಾಸೋಲ್ ಪ್ರೊಪಿಯೊನೇಟ್, 0.05%. ಆಮೇಲೆ ಆಫ್ಲಾಕ್ಸಾಸಿನ್, ಆರ್ನಿಡಜೋಲ್ ಅನ್ನುವ ಆ್ಯಂಟಿಬಯೋಟಿಕ್‌ಗಳು, ಟರ್ಬಿನಾಫೈನ್ ಅನ್ನುವ ಫಂಗಸ್ಸಿನ ಔಷಧಿ. ಡಾಕ್ಟರು ಹೇಳಿದ್ದ ಲುಲಿಕೊನಜೋಲ್ ಅದರಲ್ಲಿ ಇರಲೇ ಇಲ್ಲ.

ಕ್ಲೋಬೆಟಾಸೋಲ್ ಅಂದರೆ ತುಂಬಾ ತೀವ್ರವಾದ ಸ್ಟೀರಾಯ್ಡ್. ಕೆಲವು ಚರ್ಮರೋಗಗಳಿಗೆ ಡಾಕ್ಟರು ಅಳೆದು ಕೊಡುವ ಔಷಧಿ, ಅದರಷ್ಟಕ್ಕೆ ಅದು ಕೆಟ್ಟದ್ದಲ್ಲ. ಆದರೆ ಹುಳುಕಡ್ಡಿ ಅಂದರೆ ಫಂಗಸ್. ಫಂಗಸ್ ವಿರುದ್ಧ ಚರ್ಮ ಹೋರಾಡುವಾಗಲೇ ಕೆಂಪಾಗೋದು, ತುರಿಸೋದು. ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸಿಬಿಡುತ್ತದೆ. ನಮಗೆ ವಾಸಿಯಾದ ಹಾಗೆ ಕಾಣುತ್ತದೆ, ಫಂಗಸ್ಸು ಸುಮ್ನೆ ಹರಡುತ್ತಾ ಹೋಗುತ್ತದೆ. ಉಂಗುರದ ಆಕಾರವೂ ಅಳಿಸಿಹೋಗಿ, ಕಾಯಿಲೆ ಯಾವುದು ಅಂತ ಡಾಕ್ಟರಿಗೂ ಥಟ್ಟನೆ ಗೊತ್ತಾಗೋದಿಲ್ಲ. ನನ್ನ ತಮ್ಮನ ತೊಡೆಸಂದಿನಲ್ಲಿ ಚರ್ಮ ತೆಳುವಾಗಿ ಹೆರಿಗೆಯಾದವರ ಹೊಟ್ಟೆ ಮೇಲಿರುವಂಥ ಗೆರೆಗಳು ಬಿದ್ದಿವೆ. ಆ ಗೆರೆ ಪೂರ್ತಿ ಹೋಗೋದಿಲ್ಲ ಅಂತ ಈಗಿನ ಡಾಕ್ಟರು ಹೇಳಿದರು. ಇಪ್ಪತ್ತನಾಲ್ಕು ವರ್ಷದ ಹುಡುಗ. ನನಗೆ ಹೊಟ್ಟೆ ಉರಿಯುತ್ತದೆ.

ಸ್ಟೀರಾಯ್ಡ್ ಇರುವ ಹಲವು ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಕೇಂದ್ರ ಸರ್ಕಾರ ಶೆಡ್ಯೂಲ್ ಎಚ್‌ಗೆ ಸೇರಿಸಿದೆ. ಆದರೂ ಬಿಸ್ಕತ್ ಕೊಟ್ಟ ಹಾಗೆ ಕೊಡುತ್ತಾರೆ. ಆದ್ದರಿಂದ ಕ್ಲೋಬೆಟಾಸೋಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್ ಈ ಹೆಸರುಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಡಾಕ್ಟರು ಬರೆಯದೆ ಇದ್ದು, ಅಂಗಡಿಯವರು ಕೊಟ್ಟ ಟ್ಯೂಬಿನ ಮೇಲೆ ಇದರಲ್ಲಿ ಒಂದು ಕಂಡರೂ ವಾಪಸ್ ಕೊಡಿ.

ದುಡ್ಡು ಉಳಿಸೋದು ತಪ್ಪಲ್ಲ, ಉಳಿಸಲೇಬೇಕು. ಅದಕ್ಕೆ ಸರಿಯಾದ ದಾರಿ ಇದೆ. ಈಗಿನ ಡಾಕ್ಟರ ಹತ್ತಿರ ನಾವು ಬಾಯಿ ಬಿಟ್ಟು ಹೇಳಿದೆವು, ಇಷ್ಟು ಕೊಡೋಕೆ ಆಗಲ್ಲ, ಔಷಧಿಯ ಮೂಲ ಹೆಸರು ಬರೆದುಕೊಡಿ ಅಂತ. ಒಂಚೂರೂ ಬೇಜಾರು ಮಾಡಿಕೊಳ್ಳದೆ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು. ಆ ಚೀಟಿ ಹಿಡಿದು ಜನೌಷಧಿ ಕೇಂದ್ರಕ್ಕೆ ಹೋದೆವು. ಕ್ಯಾಪ್ಸೂಲು ಸಿಕ್ಕಿತು, ಮೊದಲಿನ ರೇಟಿಗೂ ಇದಕ್ಕೂ ಅಜಗಜಾಂತರ. ಕ್ರೀಮು ಅವತ್ತು ಸ್ಟಾಕ್ ಇರಲಿಲ್ಲ. ಜನೌಷಧಿ ಸುಗಮ್ ಅಂತ ಸರ್ಕಾರದ್ದೇ ಆ್ಯಪ್ ಇದೆ, ಮೂಲ ಹೆಸರು ಹಾಕಿದರೆ ರೇಟು ತೋರಿಸುತ್ತದೆ, ಹತ್ತಿರದ ಕೇಂದ್ರವೂ ಗೊತ್ತಾಗುತ್ತದೆ. ಸ್ಟಾಕ್ ಇದೆಯಾ ಅಂತ ಫೋನ್ ಮಾಡಿ ಹೋಗಿ. ಜಿಲ್ಲಾಸ್ಪತ್ರೆ ಅಥವಾ ಸರ್ಕಾರಿ ಮೆಡಿಕಲ್ ಕಾಲೇಜು ಹತ್ತಿರ ಇದ್ದರೆ ಚರ್ಮದ ವಿಭಾಗದಲ್ಲಿ ತೋರಿಸಿ, ಕೆಲವು ಔಷಧಿ ಅಲ್ಲೇ ಸಿಗಬಹುದು.

ಇಟ್ರಾಕೊನಜೋಲ್ ವಿಷಯದಲ್ಲಿ ಮಾತ್ರ ಇನ್ನೊಂದು ಜೋಪಾನ. ಮಾಮೂಲಿ ಕ್ಯಾಪ್ಸೂಲು 100, 200 ಮಿಲಿಗ್ರಾಂ ಬರುತ್ತದೆ. ಮೈಗೆ ಹೆಚ್ಚು ಹಿಡಿಯುವ ಹಾಗೆ ಮಾಡಿದ್ದು 50, 65, 130 ಅಂತ ಬೇರೆ ಬರುತ್ತದೆ. ಎರಡರ ಲೆಕ್ಕ ಒಂದೇ ಅಲ್ಲ, ಹಾಗಾಗಿ 'ಹತ್ತಿರ ಹತ್ತಿರ ಅಷ್ಟೇ' ಅಂತ ಅಂಗಡಿಯಲ್ಲಿ ಬದಲಿಸಿ ಕೊಟ್ಟರೆ ಒಪ್ಪಬೇಡಿ, ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಮಾಮೂಲಿ ಕ್ಯಾಪ್ಸೂಲನ್ನು ಊಟ ಆದ ತಕ್ಷಣ ತಗೋಬೇಕು. ಗ್ಯಾಸ್ಟ್ರಿಕ್ ಮಾತ್ರೆ ಜೊತೆ ತಗೊಂಡರೆ ಸರಿಯಾಗಿ ಮೈಗೆ ಹತ್ತೋದಿಲ್ಲ. ಹೃದಯದ ತೊಂದರೆ ಇರುವವರು, ಕೊಲೆಸ್ಟ್ರಾಲ್ ಮಾತ್ರೆ ತಗೊಳ್ಳುವವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಖರ್ಚು ಉಳಿಯಲಿ ಅಂತ ಒಬ್ಬರ ಚೀಟಿಯಲ್ಲಿ ಮನೆಮಂದಿಯೆಲ್ಲ ತಗೊಳ್ಳೋದು ಬೇಡ ಅನ್ನೋದು ಇದಕ್ಕೇ.

ಈಗಾಗಲೇ ಅಂಥ ಮಿಕ್ಸ್ ಕ್ರೀಮು ಹಚ್ಚುತ್ತಿದ್ದರೆ ಮುಚ್ಚಿಡಬೇಡಿ, ನಾಚಿಕೆಯೂ ಬೇಡ. ಖಾಲಿ ಟ್ಯೂಬನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಬಿಲ್ ಇದ್ದರೆ ಇಟ್ಟುಕೊಳ್ಳಿ, ಔಷಧ ನಿಯಂತ್ರಣ ಅಧಿಕಾರಿಗಳಿಗೆ ದೂರು ಕೊಡುವಾಗ ಅದು ಬೇಕಾಗುತ್ತದೆ.