ಡಿವಿಡಿ ಜಾಗದಲ್ಲಿ ಹಾರ್ಡ್ ಡಿಸ್ಕ್: 300 ರೂಪಾಯಿ ಕ್ಯಾಡಿ ಹೇಗಿದೆ?

ನನ್ನ ಲ್ಯಾಪ್‌ಟಾಪ್ ಡಿವಿಡಿ ಡ್ರೈವ್ ಇದ್ದ ಕಾಲದ್ದು. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್‌ನಲ್ಲೇ ಎಲ್ಲ ಇಡುವ ಡ್ರೈವ್) ಹಾಕಿಸಿದ ಮೇಲೆ ವೇಗವೇನೋ ಬಂತು, ಜಾಗ ಹೋಯಿತು. 240 ಜಿಬಿಯಲ್ಲಿ ವಿಂಡೋಸ್, ಫೋಟೋ, ವಿಡಿಯೋ ಎಲ್ಲ ಹಿಡಿಯಬೇಕಲ್ವಾ? ಬಿಚ್ಚಿಟ್ಟ 1 ಟಿಬಿ ಹಾರ್ಡ್ ಡಿಸ್ಕ್ ಬೀರುವಿನಲ್ಲಿ ಸುಮ್ನೆ ಬಿದ್ದಿತ್ತು. ಅದನ್ನು ಡಿವಿಡಿ ಜಾಗದಲ್ಲಿ ಕೂರಿಸಲು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಈ ಕ್ಯಾಡಿ, ಅಂದರೆ ಡಿವಿಡಿ ಡ್ರೈವ್ ಆಕಾರದ, ಒಳಗೆ ಡಿಸ್ಕ್ ಕೂರಿಸುವ ಚೌಕಟ್ಟು, ತಂದೆ. 350 ಅಂದರು, 300ಕ್ಕೆ ಕೊಟ್ಟರು.

"ದಪ್ಪದ್ದಾ ಸರ್, ತೆಳುವಾ?" ಅಂತ ಅಂಗಡಿಯವರು ಮೊದಲೇ ಕೇಳಿದರು. ಕ್ಯಾಡಿ 12.7 ಎಂಎಂ, 9.5 ಎಂಎಂ ಎರಡೂ ಅಳತೆಯಲ್ಲಿ ಸಿಗುತ್ತದೆ. ಡಿವಿಡಿ ಡ್ರೈವನ್ನೇ ಬಿಚ್ಚಿಕೊಂಡು ಹೋಗಿದ್ದೆ, ಪಕ್ಕದಲ್ಲಿಟ್ಟು ನೋಡಿ ತೆಳುವಾದದ್ದು ಕೊಟ್ಟರು.

ಕೂರಿಸುವುದು ಕಷ್ಟವಲ್ಲ. ಲ್ಯಾಪ್‌ಟಾಪ್ ತಳದಲ್ಲಿ ಒಂದೇ ಸ್ಕ್ರೂ, ಬಿಚ್ಚಿ ಎಳೆದರೆ ಡ್ರೈವ್ ಈಚೆ ಬರುತ್ತದೆ. ಅದರ ಹಿಂಬದಿಯ ಪುಟ್ಟ ತಗಡಿನ ತುಂಡನ್ನು ಮರೆಯದೆ ಕ್ಯಾಡಿಗೆ ಹಾಕಿ, ಇಲ್ಲದಿದ್ದರೆ ಆ ಸ್ಕ್ರೂಗೆ ಹಿಡಿತವೇ ಇರುವುದಿಲ್ಲ. ಜೊತೆಗೆ ಕೊಡುವ ಸ್ಕ್ರೂಡ್ರೈವರ್ ಬರೀ ಆಟದ ಸಾಮಾನು. ನಿಜವಾದ ಕಿರಿಕಿರಿ ಮುಂದಿನ ಪ್ಲಾಸ್ಟಿಕ್ ಮುಚ್ಚಳದ್ದು. ಕ್ಯಾಡಿಯದ್ದು ಚಪ್ಪಟೆ, ಲ್ಯಾಪ್‌ಟಾಪಿನ ಅಂಚು ವಾರೆ. ಡಿವಿಡಿಯ ಮುಚ್ಚಳ ಕಿತ್ತು ಹಾಕೋಣವೆಂದರೆ ಕೊಕ್ಕೆಗಳು ಹೊಂದಲಿಲ್ಲ. ಈಗ ಒಂದು ಮೂಲೆ ಬಾಯಿ ಬಿಟ್ಟುಕೊಂಡಿದೆ.

ಕೆಲಸದಲ್ಲಿ ತಕರಾರಿಲ್ಲ. ದೊಡ್ಡ ಫೈಲ್ ಕಾಪಿ ಮಾಡಿದರೆ ಸೆಕೆಂಡಿಗೆ 100 ಎಂಬಿ ಆಸುಪಾಸು ಬರುತ್ತದೆ, ಆ ಡಿಸ್ಕಿನ ತಾಕತ್ತೇ ಅಷ್ಟು. ಬ್ಯಾಟರಿ ಮಾತ್ರ ಸ್ವಲ್ಪ ಬೇಗ ಇಳಿಯುತ್ತದೆ. ಬಳಸದಿದ್ದಾಗ ಡಿಸ್ಕ್ ತಿರುಗುವುದು ನಿಲ್ಲುವಂತೆ ಪವರ್ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿದ್ದೇನೆ. ಎಸ್‌ಎಸ್‌ಡಿ ಮೂಲ ಜಾಗದಲ್ಲೇ ಇರಲಿ. ಕೆಲವು ಹಳೇ ಮಾಡೆಲ್‌ಗಳಲ್ಲಿ ಡಿವಿಡಿ ಕಡೆಯ ಕನೆಕ್ಷನ್ ಸಾಟಾ 2 (ಡಿಸ್ಕ್ ಜೋಡಿಸುವ ಕನೆಕ್ಷನ್‌ನ ಹಳೇ, ನಿಧಾನದ ತಲೆಮಾರು) ಅಥವಾ ಅದಕ್ಕೂ ಹಳೆಯದು, ಅಲ್ಲಿ ಹಾಕಿದರೆ ಎಸ್‌ಎಸ್‌ಡಿಯ ಪೂರ್ತಿ ವೇಗ ಸಿಗುವುದಿಲ್ಲ.

ಡಿವಿಡಿ ಡ್ರೈವೇ ಇಲ್ಲದವರು ಹಳೇ ಡಿಸ್ಕಿಗೆ ಹೊರಗಿನಿಂದ ಜೋಡಿಸುವ ಒಂದು ಯುಎಸ್‌ಬಿ 3.0 ಕೇಸ್ ತಗೊಳ್ಳಿ, ದುಡ್ಡು ಹೆಚ್ಚುಕಡಿಮೆ ಅಷ್ಟೇ. ಆನ್‌ಲೈನ್‌ನಲ್ಲಿ ಐನೂರು ರೂಪಾಯಿಗೆ 2 ಟಿಬಿ ಪೆನ್‌ಡ್ರೈವ್ ಕಂಡರೆ ಮಾತ್ರ ಆ ಕಡೆ ತಲೆ ಹಾಕಬೇಡಿ. ಒಳಗಿರುವುದು ಕೆಲವೇ ಜಿಬಿ, ಸುಳ್ಳು ಲೆಕ್ಕ ತೋರಿಸುತ್ತದೆ. ಅಷ್ಟು ತುಂಬಿದ ಮೇಲೆ ಹಾಕಿದ್ದೆಲ್ಲ ಹಾಳು. ಈಗಾಗಲೇ ತಗೊಂಡಿದ್ದರೆ ಎಚ್2ಟೆಸ್ಟ್‌ಡಬ್ಲ್ಯೂ ಅನ್ನೋ ಉಚಿತ ಸಾಫ್ಟ್‌ವೇರ್ ಓಡಿಸಿ ನೋಡಿ.

ಕ್ಯಾಡಿಗೆ ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ಮುಚ್ಚಳ ಸರಿಯಾಗಿ ಕೂತಿದ್ದರೆ ನಾಲ್ಕು ಕೊಡುತ್ತಿದ್ದೆ.