ದಾವಣಗೆರೆಯಲ್ಲಿ ‘ಹೊಸ’ 18650 ಸೆಲ್ ತಗೊಳ್ಳೋ ಮುಂಚೆ ಇದನ್ನ ಓದಿ

ಟಾರ್ಚ್ ಬಿಚ್ಚಿ ಕಟ್ಟೋ ಹವ್ಯಾಸ ಇರೋ ಎಲ್ಲರಿಗೂ ಇದನ್ನ ಬರೀತಿದ್ದೀನಿ. ಮುಖ್ಯವಾಗಿ ನನ್ನ ಮಾತು ನಂಬಿ ದಾವಣಗೆರೆಯ ಆ ಅಂಗಡಿಯಿಂದ ಗುಲಾಬಿ ಬಣ್ಣದ 18650 ಸೆಲ್ (ಟಾರ್ಚಿಗೆ ಹಾಕೋ, ಮತ್ತೆ ಮತ್ತೆ ಚಾರ್ಜ್ ಮಾಡೋ ಲಿಥಿಯಂ ಸೆಲ್) ತಂದ ಇಬ್ಬರಿಗೆ. ಅವು ಹೊಸವಲ್ಲ. ಯಾವುದೋ ಹಳೇ ಬ್ಯಾಟರಿ ಪ್ಯಾಕಿಂದ ಕಿತ್ತು, ಮೇಲೊಂದು ಹೊಸ ಸುತ್ತು ಹಾಕಿ ಮಾರಿರೋ ಸೆಲ್ಲುಗಳು. ‘ಒಳ್ಳೇ ಜಾಗ, ಧೈರ್ಯವಾಗಿ ತಗೊಳ್ಳಿ’ ಅಂತ ನಿಮಗೆ ಹೇಳಿದವನು ನಾನೇ. ಅದಕ್ಕೇ ಎರಡು ದಿನದಿಂದ ನಿದ್ದೆ ಬಂದಿಲ್ಲ.

ನಾನು ಚಿತ್ರದುರ್ಗದವನು. ನಾಲ್ಕು ವರ್ಷದಿಂದ ಇದೇ ಕೆಲಸ, ಖಾಲಿ ಬಾಡಿ ತರಿಸೋದು, ಎಲ್‌ಇಡಿಗೆ ಕರೆಂಟ್ ಹದವಾಗಿ ಕೊಡೋ ಡ್ರೈವರ್ ಬೆಸುಗೆ ಹಾಕೋದು, ಎಲ್‌ಇಡಿ ಬದಲಾಯಿಸೋದು, ಮಾಳಿಗೆ ಮೇಲೆ ನಿಂತು ಕೋಟೆ ಬೆಟ್ಟದ ಕಡೆ ಬಿಟ್ಟು ನೋಡೋದು. ಈ ಸಲದ್ದು ಮಾತ್ರ ಅಪ್ಪನಿಗೆ ಅಂತ ಕಟ್ಟಿದ್ದು. ಹೊಳಲ್ಕೆರೆ ಕಡೆ ನಮ್ಮ ಅಡಿಕೆ ತೋಟ. ತ್ರೀ ಫೇಸ್ ಕರೆಂಟ್ ರಾತ್ರಿ ಹನ್ನೊಂದಕ್ಕೋ ಎರಡಕ್ಕೋ ಬರುತ್ತೆ, ಅಪ್ಪ ಎದ್ದು ಮೋಟರ್ ಮನೆಗೆ ಹೋಗ್ತಾರೆ. ತರಗೆಲೆ ಮಧ್ಯೆ ಕೊಳಕುಮಂಡಲ ಮಲಗಿದ್ದರೆ ಅಂಗಡಿ ಟಾರ್ಚಿನ ನೀಲಿ ಬೆಳಕಲ್ಲಿ ಎಲೆ ಯಾವುದು ಹಾವು ಯಾವುದು ಗೊತ್ತಾಗಲ್ಲ. ಅದಕ್ಕೇ ಬಣ್ಣ ಸರಿಯಾಗಿ ತೋರಿಸೋ ನಿಚಿಯಾ 519ಎ ಎಲ್‌ಇಡಿ ಹಾಕಿದೆ, ಸಿಆರ್‌ಐ (ಬಣ್ಣ ಎಷ್ಟು ಸರಿಯಾಗಿ ಕಾಣುತ್ತೆ ಅನ್ನೋ ಅಳತೆ, ನೂರಕ್ಕೆ) 90ಕ್ಕಿಂತ ಮೇಲೆ. ತಾಮ್ರದ ಪ್ಲೇಟು. ಕರೆಂಟ್ ಮಿತಿಯಲ್ಲಿಡೋ ಎಂಟು ‘7135’ ಚಿಪ್ಪಿನ ಡ್ರೈವರ್, ಒಂದೊಂದು 350 ಮಿಲಿಆಂಪ್, ಒಟ್ಟು 2.8 ಆಂಪ್. ಸ್ಪ್ರಿಂಗಿಗೂ ತಾಮ್ರದ ತಂತಿ ಬೆಸೆದಿದ್ದೆ. ಮೂರು ಭಾನುವಾರ ಹಿಡೀತು. ಇನ್ನು ಬೇಕಾಗಿದ್ದು ಒಳ್ಳೇ ಸೆಲ್ ಮಾತ್ರ.

ಲಿಥಿಯಂ ಸೆಲ್ ಕೊರಿಯರಲ್ಲಿ ಬರೋದು ಎಷ್ಟು ತಡ ಅಂತ ನಿಮಗೆ ಗೊತ್ತು. ದಾವಣಗೆರೆಯಲ್ಲಿ ಗಾಡಿ ಬ್ಯಾಟರಿ, ಲ್ಯಾಪ್‌ಟಾಪ್ ಬ್ಯಾಟರಿ ರಿಪೇರಿ ಮಾಡೋ ಒಬ್ಬರ ಹತ್ತಿರ ಸ್ಯಾಮ್‌ಸಂಗ್ 30ಕ್ಯೂ ಅನ್ನೋ 18650 ಸೆಲ್ ಇದೆ ಅಂತ ಕೇಳಿ ಬಸ್ ಹತ್ತಿದೆ. ಸೆಲ್ಲಿಗೆ 450 ರೂಪಾಯಿ. ಆರು ತಗೊಂಡೆ, 2,700.

ಆ ಹತ್ತು ನಿಮಿಷ ನನ್ನ ತಲೆಯಿಂದ ಹೋಗ್ತಿಲ್ಲ. ಅಂಗಡಿಯವನು ಆರೂ ಸೆಲ್ ಕೌಂಟರ್ ಮೇಲೆ ಸಾಲಾಗಿ ಇಟ್ಟು, ಒಂದೊಂದಕ್ಕೂ ಮೀಟರ್ ಹಿಡಿದು, ಮೀಟರನ್ನ ನನ್ನ ಕಡೆ ತಿರುಗಿಸಿ ತೋರಿಸಿದ. ಎಲ್ಲದರಲ್ಲೂ 3.55 ವೋಲ್ಟ್. ಹೊಸ ಸೆಲ್ ಫ್ಯಾಕ್ಟರಿಯಿಂದ ಹೆಚ್ಚುಕಮ್ಮಿ ಅಷ್ಟರಲ್ಲೇ ಬರೋದು. ‘ನೀವೇ ನೋಡ್ರಿ ಸಾರ್, ನಿಮಗೆ ಗೊತ್ತಿರುತ್ತೆ’ ಅಂದ. ನಾನು ಜೇಬಿನ ತಕ್ಕಡಿ ತೆಗೆದು ತೂಗಿದೆ. 45 ಗ್ರಾಂ. 9,900 ಎಂಎಎಚ್ (ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆ) ಅಂತ ಸುಳ್ಳು ಬರೆದಿರೋ ಡೂಪ್ಲಿಕೇಟ್ ಸೆಲ್ ಹಗುರ ಇರುತ್ತೆ, ಇದು ಸರಿಯಾದ ತೂಕ ಇತ್ತು. ನನಗೆ ಸಮಾಧಾನ ಆಯ್ತು. ಹಳೇ ಸೆಲ್ಲೂ ಅಷ್ಟೇ ತೂಗುತ್ತೆ ಅನ್ನೋದು ಆ ಹೊತ್ತಲ್ಲಿ ಹೊಳೆಯಲೇ ಇಲ್ಲ.

ಒಂದು ಸೆಲ್ಲಿನ ಮೈನಸ್ ಕಡೆ ಗೀರು ಗೀರು ಇತ್ತು. ನಾನು ನೋಡಿದೆ. ಕಣ್ಣಾರೆ ನೋಡಿದೆ. ‘ಇದೇನಣ್ಣ ಉಜ್ಜಿದಂಗೆ ಐತೆ’ ಅಂತ ಬಾಯಿಬಿಟ್ಟು ಕೇಳಿದೆ ಕೂಡ. ‘ಪೆಟ್ಟಿಗೇಲಿ ಒಂದಕ್ಕೊಂದು ತಾಗಿರುತ್ತೆ ಸಾರ್, ನಿಮಗೆ ಗೊತ್ತಿಲ್ಲದ್ದಾ’ ಅಂದ. ಮತ್ತೆ ಅದೇ ಮಾತು. ಆ ಒಂದು ಮಾತಿಗೆ ನಾನು ದುಡ್ಡು ಎಣಿಸಿ ಕೊಟ್ಟೆ.

ಎರಡನೇ ವಾರ ಅಪ್ಪ ತೋಟದ ನಡುವೆ ಇದ್ದಾಗ ಟಾರ್ಚ್ ಆರಿಹೋಯ್ತು. ಮಂಕಾಗಲೂ ಇಲ್ಲ, ಪಟ್ ಅಂತ ಆರಿತು. ಸಣ್ಣ ಬೆಳಕಿಗೆ ಇಟ್ಟರೆ ಹತ್ತುತ್ತೆ, ಜೋರಿಗೆ ಇಟ್ಟರೆ ಮತ್ತೆ ಕತ್ತಲು. ಮೊಬೈಲ್ ಬೆಳಕಲ್ಲಿ ಬದು ಹಿಡಿದು ಬಂದರು. ಬೈಯಲಿಲ್ಲ. ‘ಹಳೇದೇ ಇರಲಿ ಬಿಡಪ್ಪ’ ಅಂದು ಗೂಟದಿಂದ ಹಳೇ ಟಾರ್ಚ್ ತಗೊಂಡರು. ಬೈದಿದ್ದರೇ ಚೆನ್ನಾಗಿತ್ತು.

ಮೊದಲು ನನ್ನ ಬೆಸುಗೆ ಮೇಲೇ ಅನುಮಾನ ಬಂತು. ಡ್ರೈವರ್ ಮತ್ತೆ ಬಿಚ್ಚಿದೆ, ಎಲ್ಲ ಸರಿ ಇತ್ತು. ಆಮೇಲೆ ಎಷ್ಟು ಚಾರ್ಜ್ ಹಿಡಿಯುತ್ತೆ ಅಂತ ಅಳೆಯೋ ಚಾರ್ಜರಲ್ಲಿ ಸೆಲ್ ಪರೀಕ್ಷೆಗೆ ಹಾಕಿದೆ. 3,000 ಎಂಎಎಚ್ ಬರಬೇಕಾದ ಕಡೆ ಒಂದೂ 1,200 ದಾಟಲಿಲ್ಲ, ಒಂದು 740ಕ್ಕೇ ನಿಂತಿತು. ಒಳರೋಧ 160 ಮಿಲಿಓಮ್. 2.8 ಆಂಪ್ ಎಳೆದರೆ ಸೆಲ್ ಒಳಗೇ ಅರ್ಧ ವೋಲ್ಟ್ ಹತ್ತಿರ ಬಿದ್ದುಹೋಗುತ್ತೆ. ಚಾರ್ಜ್ ಖಾಲಿ ಅಂದುಕೊಂಡು ಡ್ರೈವರ್ ಆರಿಸಿಬಿಡುತ್ತೆ. ಟಾರ್ಚಿನದ್ದು ಏನೂ ತಪ್ಪಿರಲಿಲ್ಲ. ಕೊನೆಗೆ ಒಂದರ ಗುಲಾಬಿ ಸುತ್ತು ಬ್ಲೇಡಲ್ಲಿ ಮೆಲ್ಲಗೆ ಸೀಳಿ, ಮೈನಸ್ ಕಡೆ ಭೂತಗನ್ನಡಿ ಹಿಡಿದೆ. ಪ್ಯಾಕ್ ಕಟ್ಟುವಾಗ ಸೆಲ್ಲಿಗೆ ಲೋಹದ ಪಟ್ಟಿ ಬೆಸೆಯೋ ಸ್ಪಾಟ್ ವೆಲ್ಡಿನ ಜೋಡಿ ಚುಕ್ಕೆ. ಎಮರಿ ಪೇಪರಲ್ಲಿ ತಿಕ್ಕಿದ್ದರೂ ಕುಳಿ ಉಳಿದಿತ್ತು. ಯಾವುದೋ ಪ್ಯಾಕಲ್ಲಿ ದುಡಿದು ಮುಗಿಸಿದ ಸೆಲ್ಲು.

ಅಂಗಡಿಯವನಿಗೆ ಫೋಟೋ, ವಿಡಿಯೋ, ಎಲ್ಲ ಕಳಿಸಿದೆ. ಬಂದ ಉತ್ತರಗಳು ಇವು. ಮೊದಲು: ‘ನಿಮ್ಮ ಚಾರ್ಜರ್ ಲೋಕಲ್ ಸಾರ್, ಅದರ ಲೆಕ್ಕ ನಂಬಬ್ಯಾಡ್ರಿ.’ ಬೇರೆಯವರ ಚಾರ್ಜರಲ್ಲಿ ಮಾಡಿ ಕಳಿಸಿದೆ. ‘ನೀವು ಟಾರ್ಚ್ ಬಿಚ್ಚಿ ಏನೇನೋ ಮಾಡಿದೀರಿ, ಜಾಸ್ತಿ ಎಳೆದು ಸೆಲ್ ಸಾಯಿಸಿದೀರಿ.’ 15 ಆಂಪ್ ಕೊಡೋ ಸೆಲ್ ಅಂತ ಮಾರಿದವನು 2.8 ಆಂಪಿಗೆ ಸತ್ತಿತು ಅಂತಾನೆ! ಚುಕ್ಕೆ ತೋರಿಸಿದರೆ, ‘ಕವರ್ ಹರಿದ ಮಾಲು ವಾಪಸ್ ತಗಳಲ್ಲ.’ ಹರಿಯದ ಐದು ಇದೆಯಲ್ಲ ಅಂದೆ. ‘ಬಿಲ್ ಐತಾ?’ ಬಿಲ್ ಕೇಳಿದಾಗ ಜಿಎಸ್‌ಟಿ ಸೇರಿದರೆ ಜಾಸ್ತಿ ಆಗುತ್ತೆ ಅಂದವನು ಅವನೇ.

ಶನಿವಾರ ಮತ್ತೆ ದಾವಣಗೆರೆಗೆ ಹೋದೆ. ಅಂಗಡೀಲಿ ನಾಲ್ಕು ಜನ ಇದ್ದರು. ಎಲ್ಲರ ಮುಂದೆ, ‘ನಿಮಗೆ ಎಲ್ಲಾ ಗೊತ್ತಿತ್ತಲ್ಲ ಸಾರ್, ತಕ್ಕಡಿ ತಂದು ತೂಗಿ ತಾನೆ ತಗಂಡಿದ್ದು?’ ಅಂದ. ಉತ್ತರ ಬಾಯಿಗೆ ಬರಲಿಲ್ಲ. ಬದಲಿಗೆ ಬೇರೆ ಮೂರು ಕೊಡ್ತೀನಿ ಅಂದ, ತಿರುಗಿಸಿ ನೋಡಿದರೆ ಅದೇ ಗೀರು. ಅಲ್ಲೇ ಇಟ್ಟು ಬಂದೆ. ಈಗ ಮೆಸೇಜಿಗೆ ನೀಲಿ ಟಿಕ್ ಬೀಳುತ್ತೆ, ಉತ್ತರ ಇಲ್ಲ.

ತೂಕ, ವೋಲ್ಟ್ ಎರಡನ್ನೇ ನಂಬಬೇಡಿ. ಮೈನಸ್ ಕಡೆ ಉಜ್ಜಿದ ಗುರುತು ಕಂಡರೆ ಮಾತೇ ಬೇಡ, ಎದ್ದು ಬನ್ನಿ. ಒಂದೇ ಸೆಲ್ ತಂದು ಪರೀಕ್ಷೆ ಮಾಡಿ, ಆಮೇಲೆ ಉಳಿದದ್ದು. ಬಿಲ್ ಕೊಡದವನ ಹತ್ತಿರ ಒಂದು ರೂಪಾಯಿಯದ್ದೂ ಬೇಡ. ನಿಮಗೆ ಗೊತ್ತಿರುತ್ತೆ ಸಾರ್ ಅಂತ ಹೊಗಳೋಕೆ ಶುರು ಮಾಡಿದರೆ ಇನ್ನೊಂದು ಸಲ ತಿರುಗಿಸಿ ನೋಡಿ.

ನನ್ನ ಮಾತಿಗೆ ಹೋಗಿ ತಂದ ಇಬ್ಬರೇ, ನಿಮ್ಮಲ್ಲಿ ಒಬ್ಬರದ್ದು ಒಂದರ ಹಿಂದೆ ಒಂದು ಎರಡು ಸೆಲ್ ಹಾಕೋ ಟಾರ್ಚು, ‘ಹಿಡಿ ಬಿಸಿ ಆಗ್ತಿದೆ’ ಅಂತ ಮೊನ್ನೆ ಹೇಳಿದ್ದಿರಿ. ದಯವಿಟ್ಟು ಅದನ್ನ ಹಚ್ಚಬೇಡಿ. ಎರಡರಲ್ಲಿ ಸೋತದ್ದು ಮೊದಲು ಖಾಲಿಯಾದರೆ ಇನ್ನೊಂದು ಅದನ್ನ ಉಲ್ಟಾ ತಳ್ಳುತ್ತೆ, ಮುಚ್ಚಿದ ಲೋಹದ ಕೊಳವೆ ಒಳಗೆ ಸೆಲ್ ಗ್ಯಾಸ್ ಬಿಟ್ಟು ಸಿಡಿಯಬಹುದು. ಇವತ್ತು ರಾತ್ರಿಯೇ ಹೊರಗೆ ತೆಗೀರಿ, ಎರಡೂ ತುದಿಗೆ ಟೇಪ್ ಅಂಟಿಸಿ. ಕಸದ ಗಾಡಿಗೆ ಹಾಕಬೇಡಿ, ನನಗೆ ತಂದು ಕೊಡಿ, ಇ-ವೇಸ್ಟಿಗೆ ನಾನು ಮುಟ್ಟಿಸ್ತೀನಿ. ಎಷ್ಟು ದುಡ್ಡು ಕೊಟ್ಟಿರಿ ಅಂತಾನೂ ಹೇಳಿ. ಅದನ್ನ ನಾನು ಕೊಡ್ತೀನಿ.