ತಗ್ಗಿನ ಮನೆಗೆ ಒಗ್ಗಿದ ಫೋನ್: ಐದು ವರ್ಷದ ಗ್ಯಾಲಕ್ಸಿ ಎಂ31

ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಂ31 ಕೊಂಡದ್ದು 2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಶುರುವಾಗುವ ಸ್ವಲ್ಪ ಮೊದಲು. 6 ಜಿಬಿ ರ್‍ಯಾಮ್, 64 ಜಿಬಿ ಮೆಮೊರಿ, ಬೆಲೆ 14,999 ರೂಪಾಯಿ.

ಅದರ ಹಿಂದಿನ ಫೋನನ್ನು ಅಂಗಡಿಯವರ ಮಾತು ಕೇಳಿ ತಂದಿದ್ದೆ. ಸೆಲ್ಫಿ ಚೆನ್ನಾಗಿ ಬರುತ್ತದೆ ಅಂದಿದ್ದರು, ಬರುತ್ತಲೂ ಇತ್ತು. ಆದರೆ ನಮ್ಮದು ಹೊಸನಗರದ ಕಡೆಯ ಅಡಿಕೆ ತೋಟದ ಮನೆ. ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದಿರುವುದು ಮಾಮೂಲು. ಅಂಥ ಒಂದು ರಾತ್ರಿ ಅಪ್ಪನಿಗೆ ಎದೆನೋವು ಬಂತು. ಫೋನ್ ಆಗಲೇ ಆಫ್ ಆಗಿತ್ತು. ಜೀಪಿನವರಿಗೆ ಹೇಳಿಕಳಿಸಲು ಟಾರ್ಚ್ ಹಿಡಿದು ಪಕ್ಕದ ಮನೆಗೆ ಓಡಿದೆ. ಅಪ್ಪ ಹುಷಾರಾದರು. ನಾನು ಮಾತ್ರ ಮರುದಿನವೇ ಒಂದು ಹಾಳೆ ತಗೊಂಡು ನಮ್ಮ ಮನೆಗೆ ಬೇಕಾದ್ದನ್ನು ಬರೆದೆ. ಬ್ಯಾಟರಿ, ಮನೆಯೊಳಗೆ ಮಾತಾಡುವ ಅನುಕೂಲ, ಎರಡು ಸಿಮ್ ಜತೆಗೆ ಮೆಮೊರಿ ಕಾರ್ಡ್, ಅಮ್ಮನಿಗೆ ರೇಡಿಯೊ. ಕ್ಯಾಮೆರಾ ಕೊನೆಗೆ.

ಆ ಹಾಳೆಗೆ ಹೊಂದಿದ್ದು ಇದು. 6000 ಎಂಎಎಚ್ ಬ್ಯಾಟರಿ. ಮೊದಲ ಮೂರು ವರ್ಷ ಎರಡು ದಿನ ಆರಾಮಾಗಿ ಬಂತು. ಚಾರ್ಜಿಂಗ್ 15 ವ್ಯಾಟ್ ಅಷ್ಟೇ, ಪೂರ್ತಿ ತುಂಬಲು ಎರಡೂವರೆ ಗಂಟೆ ಬೇಕು. ರಾತ್ರಿ ಹಾಕಿ ಮಲಗುವವರಿಗೆ ಅದು ದೊಡ್ಡ ವಿಷಯವಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಉಪಕಾರವಾದದ್ದು ವೈಫೈ ಕಾಲಿಂಗ್. ಮನೆ ಇರುವುದು ತಗ್ಗಿನಲ್ಲಿ. ಮುಂಚೆ ಒಂದು ಕರೆ ಮಾಡಲು ಗುಡ್ಡ ಹತ್ತಬೇಕಿತ್ತು. ಫೈಬರ್ ಇಂಟರ್ನೆಟ್ ಬಂದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಇದನ್ನು ಆನ್ ಮಾಡಿದೆ. ಟವರ್ ಸಿಗದಿದ್ದರೂ ಕರೆ ಮನೆಯ ವೈಫೈ ಮೂಲಕ ಹೋಗುತ್ತದೆ. ಅದೇ ನಂಬರ್, ಬೇರೆ ಆ್ಯಪ್ ಬೇಡ, ಆ ಕಡೆಯವರ ಹತ್ತಿರ ಕೀಪ್ಯಾಡ್ ಫೋನ್ ಇದ್ದರೂ ಸಾಕು. ಅಮ್ಮ ಈಗ ಅಡುಗೆಮನೆಯಲ್ಲೇ ನಿಂತು ಬೆಂಗಳೂರಿನ ತಂಗಿ ಹತ್ತಿರ ಮಾತಾಡುತ್ತಾರೆ. ಎರಡು ವಿಷಯ ನೆನಪಿಡಿ. ಫೋನ್ ಮತ್ತು ಸಿಮ್ ಎರಡರಲ್ಲೂ ಈ ಸೌಲಭ್ಯ ಇರಬೇಕು, ಕೊಳ್ಳುವ ಮೊದಲೇ ಕೇಳಿ. ಕರೆಂಟ್ ಹೋದರೆ ರೂಟರ್ ಕೂಡ ಆಫ್ ಆಗುತ್ತದೆ, ಅದಕ್ಕೊಂದು ಪುಟ್ಟ ಯುಪಿಎಸ್ ಇಡಿ.

6.4 ಇಂಚಿನ ಅಮೋಲೆಡ್ ಪರದೆ, ಕನ್ನಡ ಅಕ್ಷರ ದೊಡ್ಡದು ಮಾಡಿದರೆ ಅಪ್ಪ ಕನ್ನಡಕ ಇಲ್ಲದೆ ಅಡಿಕೆ ಧಾರಣೆ ಓದುತ್ತಾರೆ. ಕ್ಯಾಮೆರಾ 64 ಮೆಗಾಪಿಕ್ಸೆಲ್, ಆದರೆ ಮಾಮೂಲಾಗಿ ತೆಗೆದ ಫೋಟೊ 16ರದ್ದು. ಎಲೆಚುಕ್ಕಿ ರೋಗದ ಸೋಗೆ ತೋರಿಸಲು ಅದು ಧಾರಾಳವಾಯಿತು. ನೀರು ತಡೆಯುವ ರೇಟಿಂಗ್ ಇಲ್ಲ, ಹಾಗಾಗಿ ಮಳೆಯಲ್ಲಿ ಪ್ಲಾಸ್ಟಿಕ್ ಕವರ್ ಬೇಕೇಬೇಕು.

ನಾಲ್ಕನೇ ವರ್ಷಕ್ಕೆ ಬ್ಯಾಟರಿ ಒಂದೇ ದಿನಕ್ಕೆ ಇಳಿಯಿತು. ಲಿಥಿಯಂ ಬ್ಯಾಟರಿಗೆ ವಯಸ್ಸಾಗುವುದು ಸಹಜ, ಬದಲಿಸಿದೆ. ಬದಲಿಸಲಾಗದ್ದು ಸಾಫ್ಟ್‌ವೇರ್. ಆಂಡ್ರಾಯ್ಡ್ 10ರಿಂದ ಶುರುವಾಗಿ 12ಕ್ಕೆ ನಿಂತಿತು, ಈಗ ಸೆಕ್ಯುರಿಟಿ ಅಪ್‌ಡೇಟ್ ಕೂಡ ಇಲ್ಲ. ದುಡ್ಡಿನ ವ್ಯವಹಾರ ಇದರಲ್ಲೇ ಮಾಡಲು ನನಗೆ ಧೈರ್ಯ ಸಾಲದು.

ಹಾಗಾಗಿ ಹಳೇ ಹಾಳೆ ಮತ್ತೆ ತೆಗೆದಿದ್ದೇನೆ. ಮೇಲ್ಗಡೆ 'ಎಷ್ಟು ವರ್ಷ ಅಪ್‌ಡೇಟ್?' ಅಂತ ಸೇರಿಸಿದೆ. ಗ್ಯಾಲಕ್ಸಿ ಎ16 5ಜಿ ನೋಡಿದೆ. 6 ವರ್ಷದ ಅಪ್‌ಡೇಟ್ ಭರವಸೆ ಇದೆ, ಖುಷಿಯಾಯಿತು. ಆದರೆ ಇಯರ್‌ಫೋನ್ ಜಾಕ್ ಇಲ್ಲ, ಕಾರ್ಡ್ ಹಾಕಿದರೆ ಎರಡನೇ ಸಿಮ್ ಹಾಕಲಾಗದು. ಎಂ31ರಲ್ಲಿ ಇಯರ್‌ಫೋನ್ ವೈರೇ ರೇಡಿಯೊಗೆ ಆಂಟೆನಾ. ಅಮ್ಮ ಅದನ್ನು ಚುಚ್ಚಿ ಸ್ಪೀಕರ್ ಹಾಕಿಕೊಂಡೇ ಸಂಜೆ ಹೂ ಕಟ್ಟುವುದು. ಬ್ಯಾಂಕಿನ ಆ್ಯಪ್‌ಗಳನ್ನೆಲ್ಲ ತೆಗೆದು ಈ ಫೋನನ್ನು ಅಮ್ಮನಿಗೇ ಬಿಡುತ್ತೇನೆ.